ಬಿಸಿಲಿನಲ್ಲಿ ಕೂಸು, ನೆರಳಿನಲ್ಲಿ ಗಾಡಿ

ಕೂಸುಗಳನ್ನು ಬಿಸಿಲಿನಿಂದ ಕಾಯುವುದು ಸುಲಭ, ಅವುಗಳ ಮನೆಯವರಿಂದ ಕಾಯುವುದು ಕಷ್ಟ. ಬೀದರ ಜಿಲ್ಲೆಯಲ್ಲಿ ಮನೆ ಮನೆ ತಿರುಗುವ ನನ್ನಂಥ ಯಾವ ನರ್ಸನ್ನು ಕೇಳಿದರೂ ಹೀಗೇ ಹೇಳುತ್ತಾಳೆ. ಪ್ರತಿ ಬೇಸಿಗೆಗೆ ಒಂದಿಲ್ಲೊಂದು ನಡೆದೇ ನಡೆಯುತ್ತದೆ. ಕೇಳಿದವರು ಕೂಡಲೇ ನಗುತ್ತಾರೆ. ನನಗೆ ನಗು ಬರುವುದು ತಡವಾಗಿ, ಕೂಸು ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ. ಯಾಕೆಂದರೆ ಬಿಸಿಲಿಗೆ ಸೋತ ಕೂಸು ಅತ್ತು ರಂಪ ಮಾಡುವುದಿಲ್ಲ, ಸುಮ್ಮನಾಗಿಬಿಡುತ್ತದೆ. ಮನೆಯವರು “ಎಷ್ಟು ಶಾಣ್ಯಾ ಕೂಸು” ಅನ್ನುತ್ತಾರೆ. ನಾನು ಓಡಿ ಹೋಗಿ ಅದರ ತುಟಿ ಮುಟ್ಟಿ ನೋಡುತ್ತೇನೆ.

ಕೌದಿಯ ಪರೀಕ್ಷೆ

ಬೀದರದಲ್ಲೊಂದು ತಗಡಿನ ಮನೆ. ಮೇ ತಿಂಗಳ ಮಧ್ಯಾಹ್ನ. ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ಬಡಿದಿದ್ದರು, ಹೊರಸಿನ ಕೆಳಗೆ ಕೆಂಡದ ಶೇಗಡಿ. ಇಪ್ಪತ್ತು ದಿನದ ಕೂಸಿಗೆ ಕುಂಚಿಗೆ, ಉಣ್ಣೆಯ ಕಾಲುಚೀಲ, ಮೇಲೆ ಎರಡು ಮಡಿಕೆ ಕೌದಿ. ಕಾಣುತ್ತಿದ್ದದ್ದು ಮುಖ ಮಾತ್ರ, ಅದೂ ಕೆಂಪಗಾಗಿತ್ತು.

“ಆಯಿ, ಕೂಸು ಬೇಯ್ಲತ್ತದ್ರಿ. ತಗೀರಿ ಇದೆಲ್ಲ,” ಅಂದೆ ಅಜ್ಜಿಗೆ.

“ನಾ ಆರು ಹಡದಾಕಿ ಇದ್ದೀನಿ. ಥಂಡಿ ಹತ್ತಿದ್ರ ನೀವು ಬರ್ತೀರೇನ್ರಿ?”

ವಾದ ಮಾಡಲಿಲ್ಲ. ಅದೇ ಕೌದಿ ತೆಗೆದು ಅಜ್ಜಿಗೆ ಹೊದಿಸಿದೆ. “ಐದೇ ನಿಮಿಷ ಕೂಡ್ರಿ. ಏನೂ ಆಗಲಿಲ್ಲಂದ್ರ ನಾ ಸೋತೆ.” ಛಲದಾಕೆ, ಕೂತೇ ಬಿಟ್ಟಳು. ಅಷ್ಟರಲ್ಲಿ ನಾನು ಶೇಗಡಿ ಹೊರಗಿಟ್ಟು, ಕಿಟಕಿ ತೆರೆದು, ಕೂಸಿನ ಮೈಮೇಲೆ ಒಂದು ತೆಳು ಅಂಗಿ ಮಾತ್ರ ಉಳಿಸಿದೆ. ಎರಡನೇ ನಿಮಿಷಕ್ಕೆ ಅಜ್ಜಿ ಕೌದಿ ಕಿತ್ತೆಸೆದು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು.

“ಈಗರೆ ತಿಳೀತೇನ್ರಿ?”

“ನನಗ ವಯಸ್ಸಾಗ್ಯಾದ್ರಿ, ತಡೀಲಾಕ ಆಗಲ್ಲ. ಅದು ಇನ್ನಾ ಹೊಸಾದದ, ತಡೀತದ.”

ಉಳ್ಳಾಗಡ್ಡಿ

ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ಗಂಡ ಹೆಂಡತಿ ನಿಂತಿದ್ದರು. ಸಾಯಗಾಂವದ ಮದುವೆಗೆ ಬೈಕಿನ ಮೇಲೆ ಹೊರಟವರು. ರಸ್ತೆ ಬದಿಗೆ ಇದ್ದದ್ದು ಒಂದೇ ಎಳೆ ಬೇವಿನ ಮರ. ಆ ಚೂರು ನೆರಳಲ್ಲಿ ಬೈಕು ನಿಂತಿತ್ತು, ಅದರ ಸೀಟಿನ ಮೇಲೆ ಒದ್ದೆ ಟವೆಲ್ ಹಾಸಿತ್ತು. ನಾಲ್ಕು ತಿಂಗಳ ಕೂಸನ್ನೆತ್ತಿಕೊಂಡು ಹೆಂಡತಿ ಬಿಸಿಲಲ್ಲಿ ನಿಂತಿದ್ದಳು. ಕೂಸಿನ ಉಡಿದಾರಕ್ಕೆ ಒಂದು ಉಳ್ಳಾಗಡ್ಡಿ ಕಟ್ಟಿತ್ತು.

“ಬಿಸಿಲು ಹತ್ತಬಾರ್ದಂತ ಕಟ್ಟೀನ್ರಿ,” ಅಂದ ಗಂಡ, ದೊಡ್ಡ ಜಾಣತನ ತೋರಿಸಿದವನಂತೆ.

ನನಗೆ ಸಿಟ್ಟು ನೆತ್ತಿಗೇರಿತು. “ಗಾಡಿ ಈಚಿ ತಗೀರಿ, ಕೂಸು ನೆರಳಿಗಿ ಬರ್ಲಿ. ಹೊತ್ತು ಇಳದ ಮ್ಯಾಲ ಹೋಗ್ರಿ.”

“ಸೀಟು ಕಾಯ್ತದಲ್ರಿ ಸಿಸ್ಟರ್.”

ಹೆಂಡತಿ ಉಳ್ಳಾಗಡ್ಡಿ ಬಿಚ್ಚಿ ಅವನ ಕೈಗೆ ಕೊಟ್ಟಳು. “ತಗೋರಿ, ಗಾಡಿಗಿ ಕಟ್ಟರಿ. ಅದಕ್ಕ ಬಿಸಿಲು ಹತ್ತಂಗಿಲ್ಲ.”

ಔರಾದದ ಚಪ್ಪಾಳೆ

ಇದನ್ನು ಹೇಳಲು ನನಗೇ ನಾಚಿಕೆ. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಔರಾದದ ಒಂದು ಅಂಗನವಾಡಿಯ ಅಂಗಳದಲ್ಲಿ, ಬಿಸಿಲಿನಿಂದ ಕೂಸುಗಳನ್ನು ಕಾಪಾಡುವ ಬಗ್ಗೆ ಜಾಗೃತಿ ಕಾರ್ಯಕ್ರಮ. ತಾಯಂದಿರು ಕೂಸು ಸಮೇತ ಬರಬೇಕು ಎಂದು ಮೇಲಿನವರ ಹೇಳಿಕೆ. ಹನ್ನೊಂದರಿಂದ ನಾಲ್ಕರ ತನಕ ಕೂಸನ್ನು ಹೊರಗೆ ತರಬೇಡಿ ಎಂದು ವಾರವಿಡೀ ಸಾರಿದವಳು ನಾನು. ಹನ್ನೊಂದಕ್ಕೆ ಕರೆದುಕೊಂಡು ಬನ್ನಿ ಎಂದವಳೂ ನಾನೇ. ಭಾಷಣ ಮಾಡಬೇಕಿದ್ದ ಸಾಹೇಬರು ಬಂದಾಗ ಹನ್ನೆರಡೂವರೆ. ಶಾಮಿಯಾನದ ನೆರಳು ವೇದಿಕೆಗೆ ಸಾಕಾಗಿತ್ತು, ಕೂಸುಗಳ ತನಕ ಬಂದಿರಲಿಲ್ಲ.

ಮೂರನೇ ಸಾಲಿನಲ್ಲಿ ಎರಡೂವರೆ ತಿಂಗಳ ಗಂಡುಕೂಸು. ತೂಕ ಕಡಿಮೆಯಾಗಿ ಹುಟ್ಟಿದ್ದು, ವಾರ ವಾರ ತೂಗಿ ತೂಗಿ ಮೇಲೆ ತಂದಿದ್ದೆವು. ಈಗ ಅದು ಸುಮ್ಮನೆ ಬಿದ್ದುಕೊಂಡಿತ್ತು. ತುಟಿ ಒಣಗಿತ್ತು.

“ಯಾವಾಗ ಉಚ್ಚಿ ಹೊಯ್ದದ್ರಿ?”

“ಮುಂಜಾನಿ ಹೊಯ್ದಿದ್ದೇ ಹೊಯ್ದದ್ದು,” ಅಂದಳು ಅದರ ಅಜ್ಜಿ. “ಮನ್ಯಾಗ ಇರ್ತಿದ್ವಿ. ನೀವು ಕರದೀರಿ ಅಂತ ಬಂದೀವಿ.”

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕೂಸನ್ನೆತ್ತಿಕೊಂಡು ಅಂಗನವಾಡಿಯ ಕೋಣೆಗೆ ಓಡಿದೆ. ಹಿಂದೆ ಅದರ ತಾಯಿ, ಅಜ್ಜಿ, ಆಮೇಲೆ ಒಬ್ಬೊಬ್ಬರಾಗಿ ಎಲ್ಲ ತಾಯಂದಿರೂ ಎದ್ದು ಬಂದರು. ತಾಲ್ಲೂಕು ದವಾಖಾನೆಯ ಡಾಕ್ಟರಿಗೆ ಫೋನ್ ಮಾಡಿದೆ. “ಗಾಡಿ ಕಳಸ್ತೇನಿ. ಅಲ್ಲಿ ತನಕ ಮೈ ತಂಪು ಮಾಡ್ರಿ, ತಾಯಿ ಹಾಲು ಬಿಟ್ಟು ಏನೂ ಕುಡಿಸಬ್ಯಾಡ್ರಿ,” ಅಂದರು. ಕೂಸಿನ ಅಂಗಿ, ಟೊಪ್ಪಿಗೆ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆವು. ಒಬ್ಬಳು ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿದಳು.

ಹೊರಗೆ ಖಾಲಿ ಜಮಖಾನೆಯ ಮುಂದೆ ಸಾಹೇಬರ ಭಾಷಣ ನಡೆದೇ ಇತ್ತು. ಕಣ್ಣು ಕಾಗದದ ಮೇಲಿದ್ದವರಿಗೆ ಜನ ಎದ್ದು ಹೋದದ್ದು ಕಾಣುವುದೆಲ್ಲಿಂದ? ಒಳಗೆ ತಾಯಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ಕೂಸು ಮೊದಲು ಮೊಲೆ ಹಿಡಿಯಲಿಲ್ಲ. ನಾನು ಮನಸ್ಸಿನಲ್ಲೇ ಎಲ್ಲ ದೇವರ ಕಾಲು ಹಿಡಿದೆ. ಎಷ್ಟೋ ಹೊತ್ತಿನ ಮೇಲೆ ಚಪ್ಪರಿಸಿತು, ಆಮೇಲೆ ಗಟ್ಟಿಯಾಗಿ ಎಳೆಯತೊಡಗಿತು. ಇನ್ನು ಉಚ್ಚೆ ಹೊಯ್ದರೆ ಕೂಸು ಗೆದ್ದಂತೆ. ಮೂವತ್ತು ಹೆಂಗಸರ ಕಣ್ಣು ಆ ಕೂಸಿನ ಸೊಂಟದ ಕೆಳಗೆ ನೆಟ್ಟಿತ್ತು.

ಕಾಲು ಝಾಡಿಸಿತು. ಕಾರಂಜಿಯ ಹಾಗೆ ಎದ್ದದ್ದು ನೇರ ಅಜ್ಜಿಯ ಮುಖಕ್ಕೆ. ಅವಳು ಒರೆಸಿಕೊಳ್ಳಲೂ ಇಲ್ಲ.

“ಹೊಯ್ತು! ನನ ಬಂಗಾರ ಹೊಯ್ತು!”

ಕೋಣೆಗೆ ಕೋಣೆಯೇ ಚಪ್ಪಾಳೆ ಹೊಡೆಯಿತು, ಕೇಕೆ ಹಾಕಿತು. ನಾನು ಗೋಡೆಗೊರಗಿ ಅತ್ತುಬಿಟ್ಟೆ.

ಹೊರಗೆ ಮೈಕು ಒಂದು ಕ್ಷಣ ತಡೆಯಿತು. ಆಮೇಲೆ ಸಾಹೇಬರ ಗದ್ಗದ ಕಂಠ ಕೇಳಿಸಿತು: “ನಿಮ್ಮ ಈ ಅಭಿಮಾನಕ್ಕೆ ನಾನು ಚಿರಋಣಿ.”