ರಸ್ತೆ ದಾಟಿದ ಮೊಸಳೆ

ನಾನು ಎಲ್ಲಿಗೆ ಹೋದರೂ ನಗೆಪಾಟಲು ನಾಯಿಮರಿ ಹಂಗೆ ಹಿಂದೇ ಬರುತ್ತೆ. ನನಗೆ ಓದು ಬರಹ ಇಲ್ಲ. ನಾನು ಹೇಳ್ತೀನಿ, ಸೊಸೆ ಬರೀತಾಳೆ. ಮಗ-ಸೊಸೆ ಐದು ವರ್ಷದ ಪುಟ್ಟಿಯನ್ನ ದತ್ತು ತಗೊಂಡು ಹರಿಹರದ ಮನೆಗೆ ಕರಕೊಂಡು ಬಂದರು. ಅದಕ್ಕೆ ಕಿವಿ ಕೇಳಲ್ಲ, ಮಾತಿಲ್ಲ. ನೋಡಕ್ಕೆ ಬಂದ ನನ್ನ ತಂಗಿ, "ಎಷ್ಟು ಮಾಡಿದರೂ ಬ್ಯಾರೆ ರಕ್ತ, ಈ ಮನಿಗೆ ಹೊಂದಲ್ಲ" ಅಂದುಬಿಟ್ಟಳು. ಅವತ್ತು ಸೊಸೆ ಉಣ್ಣಲಿಲ್ಲ.

ಗಂಟಲು

ಸಂತ್ಯಾಗ ಈರುಳ್ಳಿ ಕೂಗಿ ಮಾರಿದವನು ನಾನು. ಹರಿಹರದಾಗ ಕೂಗಿದರೆ ದಾವಣಗೆರೆಯಾಗ ಎಮ್ಮೆ ತಿರುಗಿ ನೋಡತಿತ್ತು. ಪುಟ್ಟಿ ಇಂಥ ಗಂಟಲು ಇನ್ನೂ ಕೇಳಿಲ್ಲ, ಅಷ್ಟೇ ಅಂದುಕೊಂಡು ಅದರ ಬೆನ್ನ ಹಿಂದೆ ನಿಂತು ಒಂದು ಕೂಗು ಹಾಕಿದೆ.

ಪಕ್ಕದ ಮನೆ ಬಡಗಿ ಸಾಬರು ಉಳಿ ಹಿಡಕೊಂಡೇ ಓಡಿ ಬಂದರು. "ಏನಾತ್ರಿ ಚಾಚಾ?" ಎದುರುಮನೆ ಅವ್ವ ಬೆಂಕಿ ಬಿತ್ತು ಅಂತ ಒಂದು ಕೊಡ ನೀರು ತಂದಳು. ಪುಟ್ಟಿ ಮಾತ್ರ ಬಟಾಣಿ ಸುಲೀತಾ ಕೂತಿತ್ತು. ತಲೆ ಎತ್ತಿ ನೋಡಿದರೆ ಮನೆ ತುಂಬ ಜನ. ಬಂದವರಿಗೆಲ್ಲ ಒಂದೊಂದು ಕಾಳು ಕೊಟ್ಟು ಮರ್ಯಾದೆ ಮಾಡಿತು.

ಹೆಸರು

ಇಂಥ ಮಕ್ಕಳನ್ನ ದತ್ತು ತಗೊಂಡ ಮನೆಯವರು ಶನಿವಾರ ವಿದ್ಯಾನಗರದಾಗ ಕೂಡ್ತಾರೆ. ಒಬ್ಬರ ಕಷ್ಟ ಒಬ್ಬರಿಗೆ ಹೇಳಿಕೊಂಡು, ಕೈಮಾತು ಕಲೀತಾರೆ. ನಾನೂ ಹೋದೆ.

"ಕೈಮಾತಿನಾಗ ಎಲ್ಲರಿಗೂ ಸನ್ನೆ ಮಾಡಿ ಕರೆಯೋ ಒಂದು ಗುರುತಿನ ಹೆಸರು ಇರುತ್ತೆ ಅಜ್ಜಾರೆ. ನಿಮಗೆ ಮೊಮ್ಮಗಳೇ ಇಡಲಿ" ಅಂದರು ಟೀಚರಮ್ಮ.

ಮೀಸೆ ಮೇಲೇ ಹೆಸರಿಡಲಿ ಅಂತ ಪುಟ್ಟಿಗೆ ಕಾಣೋ ಹಂಗೆ ಮೀಸೆ ತಿರುವಿದೆ. ಪುಟ್ಟಿ ಮೀಸೆ ನೋಡಿತು, ನನ್ನ ಜೇಬಿನ ನಶ್ಯದ ಡಬ್ಬಿ ನೋಡಿತು. ಎರಡು ಬೆರಳು ಮೂಗಿಗಿಟ್ಟು ಸೀನಿದಂಗೆ ತಲೆ ಕುಣಿಸಿತು. ಈಗ ಅಲ್ಲಿನ ಮಕ್ಕಳೆಲ್ಲ ನನ್ನ ಕಂಡರೆ ದೂರದಿಂದಲೇ ಸೀನುತಾವೆ.

ಮೊಸಳೆ

ತುಂಗಭದ್ರೆಯಾಗ ನಾನು ಬಾಲ ಹಿಡಿದು ಎಳೆದ ಮೊಸಳೆ ಕತೆ ಊರಿಗೆಲ್ಲ ಗೊತ್ತು. ಪುಟ್ಟಿಗೆ ಅದನ್ನ ಕೈಯಾಗೇ ಹೇಳ್ತಿದ್ದೆ, ಎರಡೂ ತೋಳು ಚಾಚಿ, ಇಷ್ಟುದ್ದ ಅಂತ.

ತಂಗಿ ಮತ್ತೆ ಬಂದಳು. ಪುಟ್ಟಿ ಆಕೆಗೆ ಮೊಸಳೆ ಕತೆ ಹೇಳಕ್ಕೆ ನಿಂತಿತು. ತೋಳು ಚಾಚಿತು, ಗಿಡ್ಡ ತೋಳು, ಸಾಲಲಿಲ್ಲ. ತಂಗಿಯನ್ನ ಎಳಕೊಂಡು ಹೋಗಿ ಹಿತ್ತಲ ಗೋಡೆಗೆ ನಿಲ್ಲಿಸಿ, ನೀನೇ ಬಾಲ ಅಂತ ತೋರಿಸಿತು. ಅಲ್ಲಿಂದ ಓಡಿತು. ಅಡುಗೆಮನೆ, ಪಡಸಾಲೆ, ಹೊಸ್ತಿಲು, ರಸ್ತೆ. ಎದುರುಮನೆ ಕಟ್ಟೆ ಹತ್ತಿ, ಎರಡೂ ಕೈ ಬಾಯಿ ಹಂಗೆ ತೆರೆದು, ತಲೆ ಇಲ್ಲೈತೆ ಅಂತ ತೋರಿಸಿತು.

ಬಾಲ ಆಗಿ ನಿಂತಿದ್ದ ತಂಗಿ ನನ್ನನ್ನ ನೋಡಿದಳು. ಆಮೇಲೆ ಸೊಸೆ ಕಡೆ ತಿರುಗಿ, "ರಕ್ತದ ಮಾತು ವಾಪಸ್ ತಗೊಂಡೆ ತಾಯಿ. ಇಷ್ಟುದ್ದ ಸುಳ್ಳು ಹೇಳಕ್ಕೆ ನಮ್ಮನೀ ಕೂಸಿಗೆ ಬಿಟ್ರೆ ಯಾರಿಗೂ ಆಗಲ್ಲ" ಅಂದಳು.

ಅವತ್ತು ಸೊಸೆ ಎರಡು ರೊಟ್ಟಿ ಜಾಸ್ತಿ ಉಂಡಳು. ಇದನ್ನ ಬರೀತಾ, "ಮಾವಾರೆ, ಮೊಸಳೇನೂ ಸುಳ್ಳು ಅಂತ ಬರೀಲಾ?" ಅಂತಾಳೆ. ಬ್ಯಾಡ. ಬಾಲ ಆಗಿ ನಿಂತವಳೇ ಸಾಕ್ಷಿ ಇದಾಳೆ.