ಹಕೋದಾತೆಯಲ್ಲಿ ಎಲ್ಲವೂ ‘ಅತೋ’

ಐತಿಹಾಸಿಕ ಸ್ಥಳಗಳನ್ನು ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಇದಕ್ಕೆ ಆಧಾರವೇನೆಂದು ಯಾರೂ ಕೇಳಬಾರದು. ನನ್ನ ಹೆಂಡತಿ ಶೈಲಾ ಕೇಳಿದಳು. ನಾನು ಮಾತು ಬದಲಿಸಿದೆ.

ಅದು ಕೊರೋನಾ ಕಾಲ. ಜಪಾನಿನ ಕನಗಾವಾದ ಒಂದು ಕಾರ್ಖಾನೆಯಲ್ಲಿ ನಾನು ಎಂಜಿನಿಯರ್. ಅತ್ತೆಯವರು ಚಿತ್ರದುರ್ಗದವರು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಕೋಟೆಯೆಂದರೆ ಪ್ರಾಣ. ಜಪಾನಿನ ಉತ್ತರದ ಹಳೆಯ ಗಡಿ ಊರು ಹಕೋದಾತೆಯಲ್ಲಿ ನಕ್ಷತ್ರದ ಆಕಾರದ ಕೋಟೆಯಿದೆ, ಬನ್ನಿ ತೋರಿಸುತ್ತೇನೆ ಎಂದು ನಾನೇ ಆಸೆ ಹುಟ್ಟಿಸಿದ್ದೆ. ವಿಮಾನಗಳು ನಿಂತವು. ಅದು ಸಾಲದೆಂಬಂತೆ, ನಾವಿಬ್ಬರೇ ಹೊರಡಬೇಕಿದ್ದ ವಾರ ಅತ್ತೆಗೆ ಪಾಸಿಟಿವ್ ಬಂತು. ಜ್ವರವೇನೋ ಬೇಗ ಇಳಿಯಿತು. ಆದರೆ ಊರಿನ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬರೇ ಕೂತು ಮಂಕಾಗಿಬಿಟ್ಟರು. ಅವರ ಮಗ ರಘು ಬಾಗಿಲಾಚೆ ಇಟ್ಟ ಊಟದ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಫೋನಿನಲ್ಲಿ ಹೂಂ, ಉಹೂಂ, ಅಷ್ಟೇ. ಶೈಲಾಳ ಕಣ್ಣು ಸದಾ ಒದ್ದೆ.

“ಟ್ರಿಪ್ ಕ್ಯಾನ್ಸಲ್ ಮಾಡೋಣ್ರೀ,” ಎಂದಳು.

“ಬೇಡ! ಅಮ್ಮನ್ನ ವಿಡಿಯೋ ಕಾಲ್‌ನಲ್ಲೇ ಕರ್ಕೊಂಡ್ ಹೋಗ್ತೀನಿ. ನಗಿಸಿ, ಊಟ ಮಾಡಿಸಿಯೇ ಬಿಡ್ತೀನಿ. ಅದು ನನ್ನ ರೆಸ್ಪಾನ್ಸಿಬಿಲಿಟಿ!”

ಹಕೋದಾತೆ ಎಂದರೆ ಏರು. ಮಾಸ್ಕಿನೊಳಗೆ ಏದುಸಿರು, ಕನ್ನಡಕದ ಮೇಲೆ ಮಂಜು. ಫೋನ್ ಹಿಡಿದು ಮೊದಲ ಐತಿಹಾಸಿಕ ಸ್ಥಳಕ್ಕೆ ತಲುಪಿದೆ. ಅದು ಹಿಂದಿನ ಕಾಲದಲ್ಲಿ ಗಡಿ ಕಾಯುತ್ತಿದ್ದ ಅಧಿಕಾರಿಯ ಕಚೇರಿ. ಅಲ್ಲಿ ಒಂದು ಕಂಬವಿತ್ತು. ಕಚೇರಿ ಇರಲಿಲ್ಲ!

ಕಂಬದ ಬರಹದಲ್ಲಿ ನನಗೆ ಓದಲು ಬಂದದ್ದು ಕೊನೆಯ ಒಂದೇ ಚಿತ್ರಾಕ್ಷರ. ಗಂಭೀರವಾಗಿ ಓದಿದೆ. “ಅತೋ.”

“ಆತೋ?” ಅತ್ತೆ ಕ್ಷೀಣ ದನಿಯಲ್ಲಿ ಕೇಳಿದರು. “ಇನ್ನೂ ಏನೂ ತೋರ್ಸೇ ಇಲ್ಲ, ಆಗ್ಲೇ ಆತೋ?”

ಜಪಾನಿ ಕಲಿತಿರುವ ಶೈಲಾ ವಿವರಿಸಿದಳು. “ಹಂಗಲ್ಲಮ್ಮ, ಅತೋ ಅಂದ್ರೆ ಅದು ಇದ್ದ ಜಾಗ. ಈಗ ಇಲ್ಲ.”

“ಇಲ್ದೇ ಇರೋದನ್ನ ನೋಡಾಕೆ ಅಷ್ಟು ದೂರ ಹೋದ್ರಾ?”

ಮುಂದೆ ವಿದೇಶಿ ರಾಯಭಾರಿಯ ಕಚೇರಿ. ಅತೋ! ಫಿರಂಗಿ ಇಟ್ಟಿದ್ದ ಕಟ್ಟೆ. ಅತೋ! ಹಡಗುಗಳ ತಪಾಸಣೆ ಠಾಣೆ. ಅದೂ ಅತೋ! ಪ್ರತಿ ಸಲವೂ ಅತ್ತೆ, “ಅದೂ ಆತೋ?” ಎನ್ನುವರು. ನಾನು ತಲೆ ತಗ್ಗಿಸಿ “ಆತು” ಎನ್ನುವೆ. ದಾರಿಹೋಕರಿಗೆ ಅದೊಂದು ಪ್ರಾರ್ಥನೆಯಂತೆ ಕೇಳಿಸಿರಬೇಕು.

ಅಷ್ಟರಲ್ಲಿ ರಘು ಮೆಸೇಜ್ ಹಾಕಿದ: ‘ಮಧ್ಯಾಹ್ನದ ತಟ್ಟೆ ಹಂಗೇ ಐತೆ.’ ಶೈಲಾ ನನ್ನನ್ನೇ ನೋಡಿದಳು. ಉಳಿದಿದ್ದು ನಕ್ಷತ್ರದ ಕೋಟೆಯೊಂದೇ. ಟ್ರಾಮ್ ಹಿಡಿದು ಓಡಿದೆವು.

ಕೋಟೆಯ ಬಾಗಿಲಲ್ಲಿ ಭವ್ಯವಾದ ಕಲ್ಲು. ಕೊನೆಯ ಅಕ್ಷರವನ್ನು ನಾನು ಓದಲಿಲ್ಲ. ಶೈಲಾಳೂ ಓದಲಿಲ್ಲ. ಇಬ್ಬರಿಗೂ ಗೊತ್ತಿತ್ತು!

ಒಳಗೆ ಹೋದರೆ ಕಂದಕ, ಮಣ್ಣಿನ ದಿಬ್ಬ, ಪೈನ್ ಮರ. ನಕ್ಷತ್ರ ಎಲ್ಲಿ? ನಾಯಿ ಹಿಡಿದು ಬರುತ್ತಿದ್ದ ತಾತನನ್ನು ದೂರದಿಂದಲೇ ಕ್ಷಮೆ ಕೋರಿ ಕೇಳಿದೆ. “ಸುಮಿಮಾಸೆನ್, ನಕ್ಷತ್ರ ಎಲ್ಲಿದೆ?” ಅವರು ನನ್ನ ಕಾಲ ಬುಡ ತೋರಿಸಿ, ಇಲ್ಲೇ ಎಂದರು. ನಾವು ನಿಂತಿರುವುದೇ ನಕ್ಷತ್ರದ ಮೇಲಂತೆ! ಅದು ಕಾಣಬೇಕಾದರೆ ಪಕ್ಕದ ಗೋಪುರ ಹತ್ತಬೇಕು. ಗೋಪುರ ಕೊರೋನಾದಿಂದಾಗಿ ಮುಚ್ಚಿತ್ತು.

“ಅರಿಗಾತೋ,” ಎಂದು ತಾತನಿಗೆ ಧನ್ಯವಾದ ಹೇಳಿದೆ.

“ಅಯ್ಯೋ, ಅವರದ್ದೂ ಆತೋ?” ಎಂದರು ಅತ್ತೆ.

ಆಗ ನನ್ನೊಳಗಿನ ಎಂಜಿನಿಯರ್ ಎಚ್ಚೆತ್ತ. ಮೇಲಿಂದ ನೋಡಬೇಕು, ಅಷ್ಟೇ ತಾನೆ? ಸೆಲ್ಫಿ ಕೋಲಿಗೆ ಫೋನ್ ಸಿಕ್ಕಿಸಿ, ದಿಬ್ಬದ ತುದಿ ಹತ್ತಿ, ತುದಿಗಾಲಲ್ಲಿ ನಿಂತು, ಕೋಲನ್ನು ಆಕಾಶಕ್ಕೆ ಎತ್ತಿದೆ. “ಕಾಣ್ತಾ ಅಮ್ಮ?”

ಸಮುದ್ರದ ಗಾಳಿ ಬೀಸಿತು. ನನ್ನ ಉಣ್ಣೆ ಟೋಪಿ ಕಂದಕಕ್ಕೆ ಹಾರಿತು. ಫೋನ್ ಸಿಕ್ಕಿಸುವಾಗ ಹೆಬ್ಬೆರಳು ಕ್ಯಾಮೆರಾವನ್ನು ನನ್ನ ಕಡೆಗೇ ತಿರುಗಿಸಿಬಿಟ್ಟಿತ್ತೆಂದು ನನಗೆ ಗೊತ್ತಿರಲಿಲ್ಲ.

“ಕಾಣ್ತು, ಕಾಣ್ತು!” ಫೋನಿನಿಂದ ಕೇಕೆ ಕೇಳಿಸಿತು. “ಅಳಿಯಂದ್ರೇ, ಏನು ಬಯಲು, ಏನು ಹೊಳಪು! ಅಲ್ಲೊಂದು ಕಲ್ಲು ನೆಡ್ಸಿಬಿಡ್ರಿ. ಇಲ್ಲಿ ಕೂದಲಿತ್ತು, ಅತೋ!”

ಅತ್ತೆ ನಕ್ಕರು, ಕೆಮ್ಮಿದರು. ಶೈಲಾ ಗಾಬರಿಯಿಂದ “ಅಮ್ಮಾ!” ಎಂದಳು. ಅತ್ತೆ ಸುಧಾರಿಸಿಕೊಂಡು ಮತ್ತೆ ನಕ್ಕರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು. “ಲೇ ರಘು, ಆ ಸಾರು ಬಿಸಿ ಮಾಡ್ಕೊಂಡು ಬಾರೋ! ನಕ್ಕು ನಕ್ಕು ಹಸಿವಾತು.”

ಶೈಲಾ ನನ್ನ ಭುಜಕ್ಕೆ ತಲೆಯಿಟ್ಟು ಅತ್ತೇಬಿಟ್ಟಳು. ಕೊಟ್ಟ ಮಾತು ಉಳಿಸಿಕೊಂಡಿದ್ದೆನಲ್ಲ, ಯಾವುದರಿಂದ ಎಂಬ ವಿಷಯ ಬೇರೆ!

ಗಡಿಗಳು ತೆರೆದ ಮೇಲೆ ಅತ್ತೆ ನಿಜವಾಗಿಯೂ ಬಂದರು. ಹಕೋದಾತೆಗೆ ಕರೆದೊಯ್ದು, ಗೋಪುರ ಹತ್ತಿಸಿ, ಅಚ್ಚುಕಟ್ಟಾದ ಐದು ಮೂಲೆಯ ನಕ್ಷತ್ರವನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಗಾಜಿಗೆ ಹಣೆಯಿಟ್ಟು ತುಂಬ ಹೊತ್ತು ನೋಡಿದರು.

“ಚೆನ್ನಾಗೈತೆ,” ಎಂದರು. “ಆದ್ರೂ ಅವತ್ತು ನೋಡಿದ್ದೇ ಚೆಂದ ಬಿಡ್ರಿ. ಎಲ್ಲಿ, ಒಂಚೂರು ಟೋಪಿ ತೆಗೀರಿ.”

ಸುತ್ತ ಪ್ರವಾಸಿಗರಿದ್ದರು. ತೆಗೆದೆ. ನನ್ನ ತಲೆಯೇ ಐತಿಹಾಸಿಕ ಸ್ಥಳವಾದ ಮೇಲೆ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲವಲ್ಲ!