ಬಾಯಿ ತುಂಬ ನೀರು ತುಂಬಿಕೊಂಡ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಗುಡಿಗೆ ಹೋದರೆ ಮೊದಲು ಕೈಮುಗಿಯುವುದಿಲ್ಲ, ಗಂಟೆ ಕಟ್ಟಿದ ಸರಪಳಿಯ ಕೊಂಡಿ ಸವೆದಿದೆಯೇ ಎಂದು ನೋಡುತ್ತಾರೆ! ಸುಳ್ಳು ಅಂದುಕೊಂಡಿರಾ? ತಮಿಳುನಾಡಿನ ಗಡಿಯ ಹೊಸೂರಿಗೆ ಬಂದು, ಆಲಸನತ್ತ ಬಡಾವಣೆಯ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಅವರು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವರು. ಲೈನಿನಲ್ಲಿ ಬಂದ ಮಾಲಿನಲ್ಲಿ ಕೂದಲೆಳೆಯಷ್ಟು ಊನ ಕಂಡರೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ಅವರ ಕೆಲಸ. ರಿಟೈರಾದ ದಿನ ಕಾರ್ಖಾನೆಯವರು ಶಾಲು, ಹಾರ, ಗಡಿಯಾರ ಕೊಟ್ಟರೆ ಇವರು ಒಂದು ಕಟ್ಟು ಕೆಂಪು ಚೀಟಿಯನ್ನೂ ಕೇಳಿ ಈಸಿಕೊಂಡು ಬಂದರು. ಆಮೇಲೆ ದೊಡ್ಡಮ್ಮನ ಗತಿ ಏನು ಹೇಳಲಿ! ಕುಂಟುವ ಕುರ್ಚಿಗೆ ಚೀಟಿ, ಸರಿಯಾಗಿ ಮುಚ್ಚದ ಡಬ್ಬಿಗೆ ಚೀಟಿ, ದುಂಡಗಿಲ್ಲದ ರಾಗಿಮುದ್ದೆಯ ತಟ್ಟೆಗೂ ಚೀಟಿ. ರೋಸಿಹೋದ ದೊಡ್ಡಮ್ಮ ಒಂದು ದಿನ ಚೀಟಿ ತಗೊಂಡು ದೊಡ್ಡಪ್ಪನ ಅಂಗಿ ಗುಂಡಿಗೇ ಕಟ್ಟಿಬಿಟ್ಟರು. ಸಂಜೆಯವರೆಗೆ ಅವರು ಅದನ್ನು ಬಿಚ್ಚಲಿಲ್ಲ. "ಕಟ್ಟಿದ್ ಚೀಟೀನ ನಾವಾಗೇ ಬಿಚ್ಬಾರ್ದು ಕಣೇ, ರೂಲ್ಸು" ಅಂದರಂತೆ!

ಇಂಥವರು ನನಗೆ ಕಾರು ಕಲಿಸುವ ಗುರುಗಳಾದರು.

ನಮ್ಮೂರು ಅಂಚೆಟ್ಟಿಯಿಂದಾಚೆ, ಬೆಟ್ಟದ ನಡುವೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ನಡಿಗೆ. ನಾನು ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಡಿಪ್ಲೊಮಾ ಓದಿದೆ. ಹತ್ತೊಂಬತ್ತು ತುಂಬುವಷ್ಟರಲ್ಲಿ ಒಂದು ವ್ಯಾನ್ ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು. ತಯಾರಾದ ವ್ಯಾನುಗಳನ್ನು ಲೈನಿನಿಂದ ಓಡಿಸಿಕೊಂಡು ಹೋಗಿ ಯಾರ್ಡಿನಲ್ಲಿ ಸಾಲಾಗಿ ನಿಲ್ಲಿಸುವ ಕೆಲಸ. ಒಂದೇ ಷರತ್ತು: ಸೇರುವ ದಿನ ಲೈಸೆನ್ಸ್ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಅದಕ್ಕಿನ್ನು ಎರಡೂವರೆ ತಿಂಗಳು. ನಾನೋ ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಿದವಳೇ ಅಲ್ಲ! ಅಪ್ಪ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: "ಕೆಲ್ಸ ಆದ್ರೆ ಅಲ್ಲೇ ಇರು. ಇಲ್ದಿದ್ರೆ ಊರಿಗ್ ಬಂದ್ಬುಡು, ಹೊಲ ಐತೆ."

ದೊಡ್ಡಪ್ಪ ಫೋನ್ ಕಿತ್ತುಕೊಂಡರು. "ಲೇ, ಅವ್ಳ್ ಜವಾಬ್ದಾರಿ ನಂದು ಕಣ್ಲಾ. ಡ್ರೈವಿಂಗ್ ಸ್ಕೂಲೂ ಬ್ಯಾಡ, ಏನೂ ಬ್ಯಾಡ. ನಾನ್ ಕಲಿಸ್ತೀನಿ, ನೋಡ್ತಿರು!"

ಕಲಿಯುವವರ ಲೈಸೆನ್ಸ್ ಬಂತು. ನನಗಿಂತ ವಯಸ್ಸಿನಲ್ಲಿ ಹಿರಿದಾದ ಅವರ ಕಾರಿಗೆ ಎಲ್ ಬೋರ್ಡ್ ಅಂಟಿಸಿದೆವು. ಬೆಳಿಗ್ಗೆ ಆರಕ್ಕೆ ಹಾಜರಾದೆ. ಕಾರೊಳಗೆ ಕೂರಿಸಿದರು ಅಂದುಕೊಂಡಿರಾ? ಮೂರು ದಿನ ಬಾಗಿಲನ್ನೇ ತೆಗೆಯಲಿಲ್ಲ! ಕಾರ್ಖಾನೆಯಲ್ಲಿ ಶಿಫ್ಟ್ ಶುರುವಾಗುವ ಮುಂಚೆ ಮಾಡುವ ಹಾಗೆ, ಕಾರಿನ ಪಕ್ಕ ನೆಟ್ಟಗೆ ನಿಂತು, ಬಲಗೈ ಮುಂದೆ ಚಾಚಿ ಸುರಕ್ಷತೆಯ ಪ್ರತಿಜ್ಞೆ. ಅವರು ಹೇಳುವುದು, ನಾನು ತಿರುಗಿ ಹೇಳುವುದು. ಎರಡನೇ ದಿನ ಎದುರುಮನೆಯವರು ಬಂದು ನೋಡಿದರು. ಮೂರನೇ ದಿನ ಹಾಲು ಹಾಕುವವರೂ ಗಾಡಿ ನಿಲ್ಲಿಸಿ ಪಕ್ಕದಲ್ಲಿ ಕೈ ಚಾಚಿ ನಿಂತರು!

ಓಡಿಸಲು ಶುರುವಾದ ಮೇಲೆ ಇನ್ನೊಂದು ಪೀಡೆ. ಕಾರ್ಖಾನೆಯಲ್ಲಿ ಏನಾದರೂ ತಪ್ಪಾದರೆ ಐದು ಸಲ 'ಯಾಕೆ' ಕೇಳಿ ಬುಡ ಹಿಡಿಯಬೇಕಂತೆ. ಬಾಗಲೂರು ರಸ್ತೆಯಲ್ಲಿ, ಅದೂ ಶಿಫ್ಟ್ ಬಸ್ಸುಗಳ ಹೊತ್ತಿನಲ್ಲಿ, ಕಾರು ಗಕ್ಕನೆ ಆಫ್ ಆಯಿತು. ದೊಡ್ಡಪ್ಪ ನೋಟ್‌ಬುಕ್ ತೆಗೆದರು.

"ಗಾಡಿ ಯಾಕ್ ಆಫಾಯ್ತು?"

"ಕ್ಲಚ್ ಬೇಗ ಬಿಟ್ಟೆ."

"ಯಾಕ್ ಬಿಟ್ಟೆ?"

"ಕಾಲು ನಡುಗ್ತು."

"ಯಾಕ್ ನಡುಗ್ತು?"

"ಹಿಂದೆ ಲಾರಿಯೋನು ಹಾರ್ನ್ ಹೊಡೀತಾವ್ನೆ ದೊಡ್ಡಪ್ಪಾ!"

"ಅವ್ನ್ ಯಾಕ್ ಹೊಡೀತಾವ್ನೆ?"

"ನಡುರಸ್ತೇಲಿ ನಿಂತ್ಕೊಂಡು ಯಾಕೆ ಯಾಕೆ ಅಂತಿದೀವಲ್ಲ, ಅದುಕ್ಕೆ!"

ದೊಡ್ಡಪ್ಪ ಅದನ್ನೂ ಬರೆದುಕೊಂಡರು.

ಇನ್ನು ಅವರ ಗಂಟಲು! ಮೂವತ್ತು ವರ್ಷ ಮಷೀನುಗಳ ಗದ್ದಲದಲ್ಲಿ ಮಾತಾಡಿದ ಗಂಟಲು. ಅವರು "ಬ್ರೇಕ್!" ಅಂದರೆ ನಾನೊಬ್ಬಳೇ ಅಲ್ಲ, ಪಕ್ಕದ ಬೀದಿಯ ಬೈಕಿನವರೂ ನಿಲ್ಲಿಸಿಬಿಡುತ್ತಿದ್ದರು. ಆ ಗಂಟಲೇ ನನ್ನ ಮೊದಲ ಟೆಸ್ಟನ್ನು ತಿಂದುಹಾಕಿತು. ಕಂಬಗಳ ನಡುವೆ ರಿವರ್ಸ್ ತಗೊಳ್ಳುತ್ತಿದ್ದೆ, ಚೆನ್ನಾಗಿಯೇ ಹೋಗುತ್ತಿತ್ತು. ಬೇಲಿಯಾಚೆಯಿಂದ "ರೈಟ್! ರೈಟ್!" ಎಂದು ಸಿಡಿಲು ಬಡಿಯಿತು. ತಿರುಗಿಸಿದೆ. ಕಂಬ ಮಲಗಿತು. ಪಕ್ಕದಲ್ಲಿದ್ದ ಆರ್‌ಟಿಓ ಆಫೀಸಿನ ಬ್ರೇಕ್ ಇನ್ಸ್‌ಪೆಕ್ಟರ್ ನಿಟ್ಟುಸಿರುಬಿಟ್ಟು, "ಅಡುತ್ತ ತಡವೈ ವಾಮ್ಮಾ" ಎಂದು ತಮಿಳಿನಲ್ಲಿ ಹೇಳಿ ಇಳಿದುಹೋದರು. ಮುಂದಿನ ಸಲ! ಮುಂದಿನ ಸಲ ಅಂದರೆ ಇನ್ನೊಂದೇ ಸಲ. ಅದೂ ತಪ್ಪಿದರೆ ಕೆಲಸಕ್ಕೆ ಸೇರುವ ದಿನ ದಾಟಿಹೋಗುತ್ತಿತ್ತು.

ಅವತ್ತು ಸಂಜೆ ದೊಡ್ಡಪ್ಪ ಜಗಲಿಯ ಮೇಲೆ ನೋಟ್‌ಬುಕ್ ಹಿಡಿದು ಕೂತರು. ಬಂತು ನನ್ನ ಗ್ರಹಚಾರ ಅಂದುಕೊಂಡು ಎದುರಿಗೆ ನಿಂತೆ. ಅವರು ತಮ್ಮಷ್ಟಕ್ಕೇ ಓದಿಕೊಂಡರು: "ಕಂಬ ಯಾಕ್ ಬಿತ್ತು? ಗಾಡಿ ತಾಗ್ತು. ಯಾಕ್ ತಾಗ್ತು? ಬಲಕ್ಕೆ ತಿರುಗ್ತು. ಯಾಕ್ ತಿರುಗ್ತು? ಗಾಬ್ರಿಯಾಯ್ತು. ಯಾಕ್ ಗಾಬ್ರಿ? ಯಾರೋ ಕೂಗುದ್ರು..." ಅಲ್ಲಿಗೆ ನಿಂತುಹೋದರು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಕೆಂಪು ಚೀಟಿ ತಂದು, ತಮ್ಮ ಅಂಗಿ ಗುಂಡಿಗೆ ತಾವೇ ಕಟ್ಟಿಕೊಂಡರು. "ಮಾಲು ಸರಿಯಾಗೈತೆ ಮಗಾ" ಅಂದರು. "ಊನ ಇನ್ಸ್‌ಪೆಕ್ಟರ್‌ದು."



ಮಾರನೇ ದಿನ ಬೆಳಿಗ್ಗೆ ಕಾರು ಹತ್ತುವ ಮುಂಚೆ ಚೊಂಬಿನಿಂದ ಬಾಯಿ ತುಂಬ ನೀರು ತುಂಬಿಕೊಂಡರು. ನುಂಗಲಿಲ್ಲ, ಉಗುಳಲಿಲ್ಲ. ಕೆನ್ನೆ ಊದಿಸಿಕೊಂಡು ಪಕ್ಕದಲ್ಲಿ ಕೂತು, ನಡಿ ಎಂದು ಕೈಸನ್ನೆ ಮಾಡಿದರು. ಕೂಗಬಾರದಲ್ಲ, ಅದಕ್ಕೆ ಈ ಉಪಾಯ! ಹೇಳುವುದೇನಿದ್ದರೂ ಗಾಡಿ ನಿಲ್ಲಿಸಿದ ಮೇಲೆ, ಉಗುಳಿ ಬಂದು, ಮೆಲ್ಲಗೆ.

ಖಾಲಿ ಸೈಟುಗಳ ನಡುವೆ, ಪೇಂಟ್ ಡಬ್ಬಿಗಳಿಗೆ ಮರಳು ತುಂಬಿ ಪೊರಕೆ ಕೋಲು ನೆಟ್ಟು ಕಂಬ ಮಾಡಿದರು. ನಾನೂ ಹಟಕ್ಕೆ ಬಿದ್ದೆ. ಬೆಳಿಗ್ಗೆ ರಿವರ್ಸ್, ಸಂಜೆ ರಿವರ್ಸ್. ದೊಡ್ಡಮ್ಮ ಇಡ್ಲಿ ಡಬ್ಬಿಯನ್ನು ಅಲ್ಲಿಗೇ ತಂದು, ಕಿಟಕಿಯಿಂದಲೇ ತಿನ್ನಿಸಿ ಹೋಗುತ್ತಿದ್ದರು. ಕತ್ತು ಹಿಂದಕ್ಕೆ ತಿರುಗಿಸೀ ತಿರುಗಿಸೀ ನೋವು ಬಂದರೂ ಬಿಡಲಿಲ್ಲ. ಕೋಲು ಬಿದ್ದರೆ ದೊಡ್ಡಪ್ಪ ಮಾತಿಲ್ಲದೆ ಇಳಿದು ಎತ್ತಿ ನಿಲ್ಲಿಸಿ ಬಂದು ಕೂರುವರು, ನಾನು ಮತ್ತೆ ಮೊದಲಿನಿಂದ.

ಒಂದು ದಿನ ಮಾತ್ರ ಎಡವಟ್ಟಾಯಿತು. ಎಲ್ಲಿಂದಲೋ ಒಂದು ಮೇಕೆ ಅಡ್ಡ ನುಗ್ಗಿತು. ನಾನು ಬ್ರೇಕ್ ಒತ್ತಿದೆ. ದೊಡ್ಡಪ್ಪನ ಬಾಯಿ ಮೂವತ್ತು ವರ್ಷದ ಅಭ್ಯಾಸ ಬಿಡದೆ ತೆರೆದುಕೊಂಡಿತು. ಭರ್ರೋ ಎಂದು ಗಾಜಿನ ತುಂಬ ನೀರು! ಎದುರಿಗೆ ಏನೂ ಕಾಣದೆ ಗಾಬರಿಯಲ್ಲಿ ನಾನು ಏನು ಮಾಡಿದೆ ಗೊತ್ತೇ? ವೈಪರ್ ಹಾಕಿದೆ! ನೀರು ಒಳಗೆ, ವೈಪರ್ ಹೊರಗೆ, ಅದು ಪಾಪ ಒಣ ಗಾಜನ್ನು ಕಿರ್ರ ಕಿರ್ರ ಒರೆಸುತ್ತಲೇ ಇತ್ತು. ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡನೇ ಟೆಸ್ಟ್. ಬೇಲಿಯಾಚೆ ಬಿಸಿಲಲ್ಲಿ ದೊಡ್ಡಪ್ಪ ಕೆನ್ನೆ ಊದಿಸಿಕೊಂಡು ಕಲ್ಲಿನಂತೆ ನಿಂತಿದ್ದರು. ನಾನು ಅತ್ತ ನೋಡಲೇ ಇಲ್ಲ. ಕಂಬಗಳ ನಡುವೆ ಹಿಂದಕ್ಕೆ ಹೋದೆ, ತಿರುಗಿಸಿದೆ, ನಿಲ್ಲಿಸಿದೆ. ಒಂದು ಕಂಬವೂ ಅಲುಗಲಿಲ್ಲ! ರೋಡಿನಲ್ಲೂ ಓಡಿಸಿ ತೋರಿಸಿದ ಮೇಲೆ ಅದೇ ಇನ್ಸ್‌ಪೆಕ್ಟರ್ ಸಹಿ ಹಾಕಿ, ಬೇಲಿಯ ಕಡೆ ನೋಡಿ, "ಅವರುಕ್ಕು ಪಲ್ಲು ವಲಿಯಾಮ್ಮಾ?" ಅಂದರು. ಅವರಿಗೆ ಹಲ್ಲುನೋವಾ ಅಂತ! ಹೌದು ಸಾರ್ ಎಂದು ಹೇಳಿ ಓಡಿದೆ. "ಪಾಸ್ ದೊಡ್ಡಪ್ಪಾ!" ಅಂದೆ. ಅಷ್ಟೂ ನೀರನ್ನು ಒಂದೇ ಸಲಕ್ಕೆ ನುಂಗಿ, ಮನೆ ಮುಟ್ಟುವವರೆಗೆ ಬಿಕ್ಕಳಿಸಿದರು.

ಕೆಲಸಕ್ಕೆ ಸೇರುವ ಮುಂಚಿನ ಭಾನುವಾರ, ಕೈಗೆ ಬಂದ ಲೈಸೆನ್ಸನ್ನು ಅಪ್ಪ ಅಮ್ಮನಿಗೆ ತೋರಿಸಲು ಊರಿಗೆ ಹೊರಟೆವು. ದೊಡ್ಡಪ್ಪ ತಾವಾಗಿಯೇ ಹೋಗಿ ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ಪಕ್ಕ ಕೂತರು.

"ಮುಂದೆ ಬನ್ನಿ ದೊಡ್ಡಪ್ಪಾ" ಅಂದೆ.

"ಲೈಸೆನ್ಸ್ ಐತಲ್ಲ ಮಗಾ, ಇನ್ನು ನಂಗೇನ್ ಕೆಲ್ಸ ಅಲ್ಲಿ?"

ಅಂಚೆಟ್ಟಿ ಕಡೆಯ ಕಾಡು ಶುರುವಾಯಿತು, ತಿರುವುಗಳು ಶುರುವಾದವು. ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಕಾಯುತ್ತಲೇ ಓಡಿಸಿದೆ. ಹಿಂದಿನಿಂದ ಸದ್ದೇ ಇಲ್ಲ. ನನ್ನ ಮೇಲೆ ಸಿಟ್ಟೇನಾದರೂ ಬಂತೇ? ಅಷ್ಟರಲ್ಲಿ ದೊಡ್ಡಮ್ಮ ಪಿಸುದನಿಯಲ್ಲಿ ಹೇಳಿದರು: "ತಿರುಗ್ ನೋಡ್ಬ್ಯಾಡ, ಸುಮ್ನೆ ಕೇಳು. ನಿಮ್ ದೊಡ್ಡಪ್ಪ ನಿದ್ದೆ ಹೋಗವ್ರೆ."

"ಅದುಕ್ಕೇನೀಗ ದೊಡ್ಡಮ್ಮ?"

"ಅದುಕ್ಕೇನೀಗಾ ಅಂತೀಯಲ್ಲೇ! ಮದ್ವೆಯಾಗಿ ಮೂವತ್ತೈದು ವರ್ಷ ಆಯ್ತು. ಬಸ್ಸಾಗ್ಲಿ ಕಾರಾಗ್ಲಿ, ಇನ್ನೊಬ್ರು ಓಡಿಸ್ತಾ ಇದ್ರೆ ಈ ಮನ್ಸ ಒಂದಿನಾನೂ ಕಣ್ಮುಚ್ಚಿದ್ದಿಲ್ಲ."

ರಸ್ತೆ ಅಗಲವಾಗಿದ್ದ ಕಡೆ ಇಂಡಿಕೇಟರ್ ಹಾಕಿ ನಿಲ್ಲಿಸಿದೆ. ಕಣ್ಣು ತುಂಬಿಬಂದು ಮುಂದಿನ ದಾರಿ ಕಾಣುತ್ತಿರಲಿಲ್ಲ. ವೇಲಿನಿಂದ ಕಣ್ಣೊರೆಸಿಕೊಂಡು, ಕನ್ನಡಿ ನೋಡಿಕೊಂಡು, ಮತ್ತೆ ಹೊರಟೆ. ದೊಡ್ಡಮ್ಮನ ಭುಜಕ್ಕೊರಗಿದ ಆ ತಲೆ ಅಲುಗದ ಹಾಗೆ ಒಂದೊಂದು ಹಳ್ಳವನ್ನೂ ನಿಧಾನಕ್ಕೆ ದಾಟಿಸಿದೆ.

ಊರು ತಲುಪಿದಾಗ ಅಪ್ಪ ಓಡಿಬಂದು ಹಿಂದಿನ ಬಾಗಿಲಿಗೆ ಕೈಹಾಕಿದರು. ನಾನು ಕಿಟಕಿಯಿಂದ ಕತ್ತು ಹೊರಹಾಕಿ ಹೇಳಿದೆ: "ಮೆಲ್ಲಗೆ ಅಪ್ಪಾ, ದೊಡ್ಡಪ್ಪ ಮಲಗವ್ರೆ."